ಹಳೆ ಲ್ಯಾಪ್‌ಟಾಪ್ ಕೊಡುವ ಮೊದಲು ವೈಫೈ ಪಾಸ್‌ವರ್ಡ್ ತೆಗೆದಿಟ್ಟುಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಡೊಂಬಿವಲಿಯಲ್ಲಿ 38 ವರ್ಷದಿಂದ ಇದ್ದೇನೆ. ಊರು ಕುಂದಾಪುರದ ಕಡೆ. ಮುಂಬಯಿಗೆ ಬಂದ ಹೊಸತರಲ್ಲಿ ಫೋರ್ಟ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದೆ. ರಾತ್ರಿ ಶಾಲೆಯಲ್ಲಿ ಓದಿ ಆಮೇಲೆ ಲೆಕ್ಕ ಬರೆಯುವ ಕೆಲಸ ಹಿಡಿದೆ. ಈಗ 9 ಹೋಟೆಲುಗಳ ಲೆಕ್ಕ ನನ್ನ ಕೈಯಲ್ಲಿದೆ. ಎಲ್ಲವೂ ಸೆಂಟ್ರಲ್ ಲೈನಿನಲ್ಲೇ. ಠಾಣೆ, ಮುಲುಂಡ್, ಘಾಟ್ಕೋಪರ್, ಮಾಟುಂಗಾ, ಫೋರ್ಟ್. ಚೀಲದಲ್ಲಿ ಲ್ಯಾಪ್‌ಟಾಪ್ ಹಾಕಿಕೊಂಡು ಲೋಕಲ್ ಹತ್ತಿದರೆ ದಿನಕ್ಕೆ ಎರಡು ಹೋಟೆಲು ಮುಗಿಸಿ ಬರುತ್ತೇನೆ.

ಕಳೆದ ತಿಂಗಳು ನನಗೆ ಆದ ಒಂದು ಅನುಭವವನ್ನು ನಿಮ್ಮ ಓದುಗರಿಗೆ ಹೇಳಬೇಕು ಅನಿಸಿತು. ವಿಷಯ ಚಿಕ್ಕದು, ಕಂಪ್ಯೂಟರಿನಲ್ಲಿ ಉಳಿದಿರುವ ವೈಫೈ ಪಾಸ್‌ವರ್ಡ್‌ನದು. ಆದರೆ ಈಗ ನಮ್ಮ ಜನರಲ್ಲಿ ತುಂಬಾ ಮಂದಿ ಹಳೆ ಕಂಪ್ಯೂಟರ್ ಬದಲಾಯಿಸುತ್ತಿದ್ದಾರೆ. ಹಾಗಾಗಿ ಇದನ್ನು ಈಗಲೇ ಹೇಳುವುದು ಒಳ್ಳೆಯದು.

ನನ್ನ ಹಳೆ ಲ್ಯಾಪ್‌ಟಾಪ್ 2016ರದ್ದು. ಜಿಎಸ್‌ಟಿ ಬರುವ ಹಿಂದಿನ ವರ್ಷ ತೆಗೆದುಕೊಂಡದ್ದು. ಅದರಲ್ಲಿ ವಿಂಡೋಸ್ 10 ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅಷ್ಟು ಹಳೆ ಪ್ರೊಸೆಸರ್ ಅದಕ್ಕೆ ಆಗುವುದಿಲ್ಲ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಚಿಪ್ ಬೇಕು. ನನ್ನದರಲ್ಲಿ ಎರಡೂ ಇರಲಿಲ್ಲ. ಹೋಟೆಲುಗಳ ಬ್ಯಾಂಕ್ ಕೆಲಸ, ಜಿಎಸ್‌ಟಿ ಕೆಲಸ ಎಲ್ಲ ಅದರಲ್ಲೇ ಮಾಡುವುದರಿಂದ ಭದ್ರತೆಯ ಅಪ್‌ಡೇಟ್ ಇಲ್ಲದೆ ಇಟ್ಟುಕೊಳ್ಳಲು ಧೈರ್ಯ ಬರಲಿಲ್ಲ. ನವೆಂಬರ್ 13ರಂದು ಸ್ಟೇಷನ್ ಹತ್ತಿರದ ಒಂದು ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು, ಮೇಲೆ ದುಡ್ಡು ಹಾಕಿ ಇನ್ನೊಂದು ತೆಗೆದುಕೊಂಡೆ.

ಅಂಗಡಿಯ ಹುಡುಗ ಒಳ್ಳೆಯವನು. ಟ್ಯಾಲಿಯ ಡೇಟಾ, ಎಕ್ಸೆಲ್ ಫೈಲುಗಳು, ಮಗಳ ಮದುವೆಯ ಫೋಟೋಗಳು, ಎಲ್ಲವನ್ನೂ ನನ್ನ ಎದುರೇ ಹೊಸದಕ್ಕೆ ಹಾಕಿಕೊಟ್ಟ. ಒಂದೊಂದೇ ತೆರೆದು ತೋರಿಸಿದ. "ಪೂರಾ ಬ್ಯಾಕಪ್ ಆಯಿತು ಅಂಕಲ್" ಅಂದ. ನಾನೂ ನಂಬಿದೆ. ಅವನೂ ಸುಳ್ಳು ಹೇಳಿರಲಿಲ್ಲ. ಬ್ಯಾಕಪ್ ಎಂದರೆ ಫೈಲು ಮತ್ತು ಫೋಟೋ ಎಂದೇ ನಾವಿಬ್ಬರೂ ತಿಳಿದಿದ್ದೆವು.

ನವೆಂಬರ್ 18, ಮಂಗಳವಾರ. ಮುಲುಂಡ್‌ನ ಹೋಟೆಲಿಗೆ ಹೋದೆ. ತಿಂಗಳ ಜಿಎಸ್‌ಟಿ ಲೆಕ್ಕ, ಅದೇ 3ಬಿ, 20ನೇ ತಾರೀಕಿನ ಒಳಗೆ ಹೋಗಬೇಕು. ಅಲ್ಲಿ ನಾನು ಕೂರುವುದು ಅಡುಗೆಮನೆಯ ಹಿಂದಿನ ಅಟ್ಟದಲ್ಲಿ. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಜಾಗ. ಪ್ರಿಂಟರ್ ಕೂಡ ವೈಫೈ ಮೇಲೆಯೇ ನಡೆಯುವುದು. ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡ್ ಕೇಳಿತು.

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಯಾಕೆಂದರೆ ಆ ವೈಫೈ ನನ್ನ ಹತ್ತಿರ ಪಾಸ್‌ವರ್ಡ್ ಕೇಳಿದ್ದು ವರ್ಷಗಳ ಹಿಂದೆ ಒಂದೇ ಸಲ. ಆವತ್ತು ಧಣಿಗಳು ನನ್ನ ಪಕ್ಕ ನಿಂತು ಒಂದೊಂದೇ ಅಕ್ಷರ ಹೇಳಿದ್ದರು. ನಾನು ಹೊಡೆದಿದ್ದೆ. ಆಮೇಲೆ ಲ್ಯಾಪ್‌ಟಾಪೇ ನೆನಪಿಟ್ಟುಕೊಂಡಿತು, ನಾನು ಮರೆತೆ. ಧಣಿಗಳು ಹೋದ ವರ್ಷ ತೀರಿಕೊಂಡರು. ರೌಟರ್ ಹಾಕಿಸಿದ್ದು ಅವರು, ಪಾಸ್‌ವರ್ಡ್ ಇಟ್ಟದ್ದು ಅವರು. ಬೇರೆ ಯಾರಿಗೂ ಗೊತ್ತಿಲ್ಲ. ಗಲ್ಲಾದಲ್ಲಿರುವ ಅವರ ಮಗನಿಗೂ ಗೊತ್ತಿಲ್ಲ. "ನನ್ನ ಫೋನ್ ಒಳಗೆ ಬಂದ ಕೂಡಲೇ ತಾನಾಗಿ ಸೇರಿಕೊಳ್ಳುತ್ತದೆ, ನಾನು ಯಾವತ್ತೂ ಹೊಡೆದೇ ಇಲ್ಲ ಮಾಮ" ಅಂದ. ಅವನ ಫೋನ್ ತುಂಬಾ ಹಳೆಯದು. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಫೋನುಗಳಲ್ಲಿ ಸೇರಿಕೊಂಡಿರುವ ವೈಫೈಯನ್ನು ಕ್ಯೂಆರ್ ಮಾಡಿ ಬೇರೆಯವರಿಗೆ ಕೊಡುವ ಸೌಲಭ್ಯ ಇದೆ. ಹೆಚ್ಚಿನ ಫೋನುಗಳಲ್ಲಿ ಕ್ಯೂಆರ್ ಕೆಳಗೆ ಪಾಸ್‌ವರ್ಡ್ ಕೂಡ ಕಾಣುತ್ತದೆ. ಅವನದರಲ್ಲಿ ಅದು ಇಲ್ಲ. ಬಿಲ್ ಮಾಡುವ ಕಂಪ್ಯೂಟರಿನಲ್ಲಿ ನೋಡೋಣ ಅಂದರೆ, ಅದರ ಅಡ್ಮಿನ್ ಪಾಸ್‌ವರ್ಡ್ ಇರುವುದು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿದವರ ಹತ್ತಿರ.

"ರೌಟರ್ ಹಿಂದೆ ಪಿನ್ ಚುಚ್ಚಿ ರೀಸೆಟ್ ಮಾಡಿಬಿಡೋಣ" ಅಂತ ಒಬ್ಬ ಮಾಣಿ ಹೇಳಿದ. ನಾನು ಬೇಡವೇ ಬೇಡ ಅಂದೆ. ಅದಕ್ಕೆ ಕಾರಣ ಇದೆ.

ಎರಡು ವರ್ಷದ ಹಿಂದೆ ನಮ್ಮ ಹೌಸಿಂಗ್ ಸೊಸೈಟಿಯ ಆಫೀಸಿನಲ್ಲಿ ಹೀಗೇ ಆಗಿತ್ತು. ಪಾಸ್‌ವರ್ಡ್ ಗೊತ್ತಿಲ್ಲ ಅಂತ ಯಾರೋ ಪಿನ್ ಚುಚ್ಚಿದರು. ರೌಟರ್ ಪಾಸ್‌ವರ್ಡ್ ಒಂದನ್ನೇ ಮರೆಯುವುದಿಲ್ಲ, ಎಲ್ಲವನ್ನೂ ಮರೆಯುತ್ತದೆ. ವೈಫೈ ಹೆಸರು ಹೋಯಿತು. ಬ್ರಾಡ್‌ಬ್ಯಾಂಡ್‌ನವರು ಅದರೊಳಗೆ ಹಾಕಿದ್ದ ಯೂಸರ್ ಐಡಿ ಹೋಯಿತು. ಇಂಟರ್‌ನೆಟ್ ಬರಲು ಮೂರು ದಿನ ಆಯಿತು. ಬಂದ ಮೇಲೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಇಟ್ಟರು. ಆಗ ಗೇಟಿನ ನಾಲ್ಕು ಸಿಸಿಟಿವಿ ಕ್ಯಾಮೆರಾಗಳೂ ಹೊರಗೆ ಉಳಿದವು. ಒಂದೊಂದಕ್ಕೂ ಏಣಿ ಹಾಕಿ, ಇಳಿಸಿ, ಮತ್ತೆ ಸೇರಿಸಬೇಕಾಯಿತು. ಹಳೆ ಹೆಸರು, ಹಳೆ ಪಾಸ್‌ವರ್ಡ್ ಯಾರ ಹತ್ತಿರವಾದರೂ ಬರೆದಿದ್ದರೆ ಈ ಕೆಲಸವೇ ಇರಲಿಲ್ಲ. ರೌಟರ್ ಹೊಸದಾದರೂ ಅದೇ ಹೆಸರು, ಅದೇ ಪಾಸ್‌ವರ್ಡ್, ಅದೇ ರೀತಿಯ ಭದ್ರತೆ ಇಟ್ಟರೆ ಹಳೆ ಕ್ಯಾಮೆರಾ, ಪ್ರಿಂಟರ್, ಫೋನ್ ಎಲ್ಲ ತಾವಾಗಿ ಸೇರಿಕೊಳ್ಳುತ್ತವೆ. ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಕೂಡ ಒಂದೇ ಇರಬೇಕು, ಅಷ್ಟೆ. ಇದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಹೋಟೆಲು ನಡೆಸುವವರು ದಯವಿಟ್ಟು ಇದೊಂದನ್ನು ನೆನಪಿಡಿ. ನಿಮ್ಮ ಬಿಲ್ ಪ್ರಿಂಟರ್, ಆರ್ಡರ್ ತೆಗೆದುಕೊಳ್ಳುವ ಟ್ಯಾಬ್, ಕ್ಯಾಮೆರಾ, ಎಲ್ಲ ಆ ಒಂದು ಪಾಸ್‌ವರ್ಡ್ ಮೇಲೆ ನಿಂತಿವೆ.

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ ಪ್ರಶ್ನೆ, "ಅಪ್ಪ, ಹಳೆ ಲ್ಯಾಪ್‌ಟಾಪ್ ಎಲ್ಲಿದೆ?"

ಅಂಗಡಿಯಲ್ಲಿ ಕೊಟ್ಟೆ ಅಂದೆ.

"ಅವರು ಅದನ್ನು ಫಾರ್ಮ್ಯಾಟ್ ಮಾಡಿದ್ದಾರಾ?"

ಮಾಡುತ್ತೇವೆ ಅಂದಿದ್ದರು ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಮಾಡಿರದಿದ್ದರೆ ನಿಮ್ಮ ಪಾಸ್‌ವರ್ಡ್ ಎಲ್ಲ ಅದರಲ್ಲೇ ಇದೆ. ಈಗಲೇ ಹೋಗಿ. ಮಾಡಿರದಿದ್ದರೆ ಒಳ್ಳೆಯದು, ಮಾಡಿರದಿದ್ದರೆ ಕೆಟ್ಟದೂ ಹೌದು."

ಆ ಮಾತು ನನಗೆ ಲೋಕಲ್ ಹತ್ತಿದ ಮೇಲೆ ಅರ್ಥವಾಯಿತು. ಠಾಣೆ ದಾಟುವಾಗ ಎದೆ ಹೊಡೆದುಕೊಳ್ಳಲು ಶುರುವಾಯಿತು. ನನ್ನ 9 ಹೋಟೆಲುಗಳ ವೈಫೈ ಕೀಲಿ ಆ ಲ್ಯಾಪ್‌ಟಾಪಿನಲ್ಲಿದೆ. ನನ್ನನ್ನು ನಂಬಿ ಕೊಟ್ಟದ್ದು. ಅದನ್ನು ನಾನು ಒಂದು ಅಂಗಡಿಯ ಕಪಾಟಿನಲ್ಲಿ ಬಿಟ್ಟು ಬಂದಿದ್ದೇನೆ. ಅದು ಯಾರಿಗೆ ಮಾರಾಟವಾಗುತ್ತದೋ ಅವರ ಕೈಗೆ ಇವೆಲ್ಲ ಹೋಗಬಹುದು. ಪಾಸ್‌ವರ್ಡ್ ಕಳೆದುಕೊಂಡೆ ಅಂತ ನಾನು ದುಃಖ ಪಡುತ್ತಿದ್ದೆ. ಕಳೆದದ್ದು ಬೇರೆಯವರ ಹತ್ತಿರ ಇರಬಹುದು ಎಂಬ ಯೋಚನೆಯೇ ಅಲ್ಲಿಯವರೆಗೆ ಬಂದಿರಲಿಲ್ಲ.

ಅಂಗಡಿಗೆ ಹೋದೆ. ಲ್ಯಾಪ್‌ಟಾಪ್ ಇನ್ನೂ ಕಪಾಟಿನಲ್ಲಿತ್ತು. ನನ್ನ ಹೆಸರಿನ ಚೀಟಿ ಅಂಟಿಸಿ ಇಟ್ಟಿದ್ದರು. ಫಾರ್ಮ್ಯಾಟ್ ಆಗಿರಲಿಲ್ಲ. ಐದು ದಿನ ಅದು ಹಾಗೇ ಕೂತಿತ್ತು. ನನ್ನ ಲಾಗಿನ್ ಪಾಸ್‌ವರ್ಡ್ ಕೂಡ ಅವತ್ತು ಕೆಲಸಕ್ಕೆ ಬೇಕೆಂದು ಅದೇ ಚೀಟಿಯಲ್ಲಿ ನಾನೇ ಬರೆದುಕೊಟ್ಟಿದ್ದೆ.

ಹುಡುಗ ಬೇಜಾರು ಮಾಡಿಕೊಳ್ಳದೆ ಅದನ್ನು ಚಾಲೂ ಮಾಡಿಕೊಟ್ಟ. ಮಗಳು ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಹೊಡೆಯುತ್ತಾ ಹೋದೆ. ಅದನ್ನು ಹಾಗೇ ಬರೆಯುತ್ತೇನೆ. ಕತ್ತರಿಸಿ ಇಟ್ಟುಕೊಳ್ಳುವವರಿಗೆ ಉಪಯೋಗವಾಗಲಿ.

ಮೊದಲು ಸಿ ಡ್ರೈವ್‌ನಲ್ಲಿ ವೈಫೈ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಬೇಕು. ಇಂಗ್ಲಿಷ್‌ನಲ್ಲಿ ಡಬ್ಲ್ಯೂ ಐ ಎಫ್ ಐ. ಫೋಲ್ಡರ್ ಮೊದಲೇ ಇರಬೇಕು. ಆಮೇಲೆ ಸ್ಟಾರ್ಟ್ ಒತ್ತಿ ಸಿ ಎಂ ಡಿ ಎಂದು ಹೊಡೆದರೆ ಕಮಾಂಡ್ ಪ್ರಾಂಪ್ಟ್ ಕಾಣುತ್ತದೆ. ಅದರ ಮೇಲೆ ಮೌಸ್‌ನ ಬಲಗಡೆ ಗುಂಡಿ ಒತ್ತಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆರಿಸಬೇಕು. ಸುಮ್ನೆ ತೆರೆದರೆ ಪಾಸ್‌ವರ್ಡ್ ಬಿಚ್ಚಿ ಕೊಡುವುದಿಲ್ಲ. ಕಪ್ಪು ಪರದೆ ಬರುತ್ತದೆ. ಹೆದರಬೇಡಿ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೀಗೆ ಹೊಡೆಯಬೇಕು. ಎನ್ ಇ ಟಿ ಎಸ್ ಎಚ್, ಜಾಗ ಬಿಟ್ಟು ಡಬ್ಲ್ಯೂ ಎಲ್ ಎ ಎನ್, ಜಾಗ ಬಿಟ್ಟು ಎಕ್ಸ್‌ಪೋರ್ಟ್, ಜಾಗ ಬಿಟ್ಟು ಪ್ರೊಫೈಲ್, ಜಾಗ ಬಿಟ್ಟು ಕೀ, ಜಾಗ ಬಿಡದೆ ಸಮ ಚಿಹ್ನೆ, ಕ್ಲಿಯರ್, ಜಾಗ ಬಿಟ್ಟು ಫೋಲ್ಡರ್, ಸಮ ಚಿಹ್ನೆ, ಸಿ, ಒಂದರ ಮೇಲೊಂದು ಎರಡು ಚುಕ್ಕೆ, ಹಿಂದಕ್ಕೆ ಬಾಗಿದ ಗೆರೆ, ವೈಫೈ. ಎಂಟರ್.

ನಾನು ಎರಡು ಸಲ ತಪ್ಪು ಹೊಡೆದೆ. ಮೂರನೆಯ ಸಲ ಸಾಲು ಸಾಲಾಗಿ ಬಂತು. 31 ಹೆಸರು. ಫೋಲ್ಡರಿನಲ್ಲಿ 31 ಫೈಲು. ಒಂದು ವೈಫೈಗೆ ಒಂದು ಫೈಲು.

'ಕೀ ಸಮ ಕ್ಲಿಯರ್' ಎಂಬ ಆ ತುಂಡು ಬಿಟ್ಟರೂ ಫೈಲು ಬರುತ್ತದೆ. ಮೋಸ ಹೋಗುವುದು ಇಲ್ಲೇ. ಅದಿಲ್ಲದಿದ್ದರೆ ಪಾಸ್‌ವರ್ಡ್ ಯಾರಿಗೂ ಓದಲಾಗದ ಹಾಗೆ ಅಕ್ಷರ ಕಲಸಿ ಬರುತ್ತದೆ. ಬಿಡಿಸುವ ಕೀಲಿ ಅದೇ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಹೊಸ ಕಂಪ್ಯೂಟರಿಗೆ ಹಾಕಿದರೆ ಉಪಯೋಗ ಇಲ್ಲ. ಅಂಗಡಿಯ ಹುಡುಗ ಮೊದಲ ದಿನ ಎಲ್ಲ ಫೋಲ್ಡರ್ ಹುಡುಕಿ ನಕಲು ಮಾಡಿದ್ದರೂ ವೈಫೈ ಬರುತ್ತಿರಲಿಲ್ಲ ಎಂದು ಮಗಳು ಹೇಳಿದ್ದು ಇದಕ್ಕೇ. ವಿಂಡೋಸ್ ಇವನ್ನು ನಮ್ಮ ಫೈಲುಗಳ ಜೊತೆ ಇಡುವುದಿಲ್ಲ. ತನ್ನದೇ ಒಳಗಿನ ಜಾಗದಲ್ಲಿ, ಬೀಗ ಹಾಕಿ ಇಡುತ್ತದೆ. ಬೀಗ ತೆಗೆದು ಕೊಡು ಎಂದು ನಾವೇ ಕೇಳಬೇಕು.

ಒಂದೇ ವೈಫೈಯ ಪಾಸ್‌ವರ್ಡ್ ಬೇಕಾದವರಿಗೆ ಇಷ್ಟೆಲ್ಲ ಬೇಡ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ಒಳಗೆ ಹೋಗಿ, ನೆಟ್‌ವರ್ಕ್, ವೈಫೈ, ಅಲ್ಲಿ ನೆನಪಿಟ್ಟ ನೆಟ್‌ವರ್ಕ್‌ಗಳ ಪಟ್ಟಿಯಲ್ಲಿ ಹೆಸರು ಒತ್ತಿದರೆ ಪಾಸ್‌ವರ್ಡ್ ನೋಡುವ ಗುಂಡಿ ಸಿಗುತ್ತದೆ. ಐಫೋನಿನಲ್ಲಿ 2022ರ ಐಒಎಸ್ 16ರಿಂದ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ವಿಂಡೋಸ್ ಬ್ಯಾಕಪ್ ಚಾಲೂ ಇಟ್ಟವರಿಗೆ ವೈಫೈ ಕೂಡ ಆ ಖಾತೆಯಲ್ಲಿ ಉಳಿಯುತ್ತದೆ. ನಾನು ಯಾವ ಖಾತೆಯೂ ಇಲ್ಲದೆ ಇಟ್ಟುಕೊಂಡಿದ್ದೆ. ನನ್ನ ಹಾಗೆ ಇರುವವರು ನಮ್ಮಲ್ಲಿ ಜಾಸ್ತಿ ಅಲ್ವಾ?

ಆ 31 ಹೆಸರುಗಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಿದೆ. ಒಂಬತ್ತು ವರ್ಷ ನಾನು ಎಲ್ಲೆಲ್ಲಿ ಕೂತಿದ್ದೆನೋ ಎಲ್ಲ ಅದರಲ್ಲಿತ್ತು. ಕುಂದಾಪುರದ ಅಣ್ಣನ ಮನೆ. ಮಗಳು ಪುಣೆಯಲ್ಲಿ ಮೊದಲು ಇದ್ದ ಪಿಜಿ. 2019ರಲ್ಲಿ ಹೆಂಡತಿಗೆ ಆಪರೇಷನ್ ಆದ ಆಸ್ಪತ್ರೆ. ಹನ್ನೊಂದು ರಾತ್ರಿ ಅಲ್ಲಿನ ಬೆಂಚಿನಲ್ಲಿ ಕೂತು ಹೋಟೆಲುಗಳ ಲೆಕ್ಕ ಮುಗಿಸಿದ್ದೆ. ಮಾಟುಂಗಾದ ಒಂದು ಚಿಕ್ಕ ಹೋಟೆಲು. 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆರೆಯಲೇ ಇಲ್ಲ. ಅದರ ಭಟ್ಟರು ಊರಿಗೆ ಹೋದವರು ವಾಪಸು ಬರಲಿಲ್ಲ. ಹೋಟೆಲು ಇಲ್ಲ, ಆದರೆ ಅದರ ವೈಫೈ ಹೆಸರು ನನ್ನ ಲ್ಯಾಪ್‌ಟಾಪಿನಲ್ಲಿ ಇತ್ತು. ನನಗೆ ಅದನ್ನು ಓದುವಾಗ ಕಣ್ಣು ತುಂಬಿತು.

ಮುಲುಂಡ್‌ನ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. 'ಕೀ ಮೆಟೀರಿಯಲ್' ಎಂದು ಇರುವ ಸಾಲಿನಲ್ಲಿ ಪಾಸ್‌ವರ್ಡ್ ಇರುತ್ತದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಧಣಿಗಳ ಊರಿನ ಹೆಸರು ಅದರಲ್ಲಿತ್ತು, ಅವರು ಮುಂಬಯಿಗೆ ಬಂದ ವರ್ಷ ಇತ್ತು. ಅವರು ಆ ಅಕ್ಷರಗಳನ್ನು ಹೇಳಿದ ಧ್ವನಿ ಆಗ ನೆನಪಾಯಿತು. ಅವರ ಮಗನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವನು ಬರೆದುಕೊಂಡ. "ಅಪ್ಪ ಇದನ್ನೇ ಇಟ್ಟಿದ್ದರಾ ಮಾಮ?" ಅಂದ. ಮತ್ತೆ ಏನೂ ಮಾತಾಡಲಿಲ್ಲ. ಮರುದಿನ ಹೋಗಿ ಲೆಕ್ಕ ಮುಗಿಸಿದೆ. 20ನೇ ತಾರೀಕಿನ ಒಳಗೆ ಎಲ್ಲ ಹೋಯಿತು.

ಈಗ ವಾಪಸು ಹಾಕುವ ವಿಷಯ. ಅದು ಸುಲಭ. ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ತಂದು ಹೊಸ ಕಂಪ್ಯೂಟರಿನ ಸಿ ಡ್ರೈವ್‌ಗೆ ಹಾಕಬೇಕು. ಅದೇ ಕಪ್ಪು ಪರದೆಯಲ್ಲಿ, ಮೊದಲಿನ ಹಾಗೆಯೇ ಜಾಗ ಬಿಡುತ್ತಾ, ಎನ್ ಇ ಟಿ ಎಸ್ ಎಚ್, ಡಬ್ಲ್ಯೂ ಎಲ್ ಎ ಎನ್, ಆಡ್, ಪ್ರೊಫೈಲ್, ಆಮೇಲೆ ಜಾಗ ಬಿಟ್ಟು, ಒಂದೇ ಪದವಾಗಿ ಫೈಲ್‌ನೇಮ್, ಸಮ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆಯ ಒಳಗೆ ಆ ಫೈಲಿನ ಪೂರ್ತಿ ವಿಳಾಸ, ಕೊನೆಗೆ ಜಾಗ ಬಿಟ್ಟು ಯೂಸರ್, ಸಮ ಚಿಹ್ನೆ, ಆಲ್. ಆ ಜಾಗಕ್ಕೆ ಹೋಗಿ ಲ್ಯಾಪ್‌ಟಾಪ್ ತೆರೆದರೆ ತಾನಾಗಿ ಸೇರಿಕೊಳ್ಳುತ್ತದೆ. ಎಲ್ಲ ಫೈಲುಗಳನ್ನೂ ಒಂದೇ ಏಟಿಗೆ ಹಾಕುವ ಸಾಲೊಂದನ್ನು ಮಗಳು ಬರೆದು ಕಳಿಸಿದಳು. ನಾನು ಅದನ್ನು ಬಳಸಲಿಲ್ಲ. ಒಂದೊಂದೇ ನೋಡಿ, ಬೇಕಾದ್ದನ್ನು ಮಾತ್ರ ಹಾಕಿದೆ. 31ರಲ್ಲಿ 17 ಮಾತ್ರ.

ಬಿಟ್ಟವುಗಳಲ್ಲಿ ಮೊದಲನೆಯದು ರೈಲ್ವೆ ಸ್ಟೇಷನ್ನಿನ ಉಚಿತ ವೈಫೈ. 2016ರ ಜನವರಿಯಲ್ಲಿ ರೈಲ್ವೆಯ ಕಂಪನಿ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ಮುಂಬಯಿ ಸೆಂಟ್ರಲ್‌ನಲ್ಲಿ ಮೊದಲು ಶುರು ಮಾಡಿದ್ದು ಅದು. ಆಮೇಲೆ ಬೇರೆ ಸ್ಟೇಷನ್ನುಗಳಿಗೂ ಬಂತು. ನಾನು ತುಂಬಾ ಬಳಸಿದ್ದೇನೆ. ಅದು ಬಾಗಿಲು ತೆರೆದ ವೈಫೈ. ಸೇರಲು ಪಾಸ್‌ವರ್ಡ್ ಇಲ್ಲ, ಸೇರಿದ ಮೇಲೆ ಫೋನಿಗೆ ಬರುವ ಒಟಿಪಿ ಹಾಕುವುದು. ಇಂಥದ್ದನ್ನು ಬ್ಯಾಕಪ್ ಮಾಡಿ ಪ್ರಯೋಜನ ಇಲ್ಲ, ಉಳಿಸಿಕೊಂಡರೆ ಅಪಾಯವೂ ಇದೆ. ಯಾರಾದರೂ ಅದೇ ಹೆಸರಿನ ವೈಫೈ ಹಾಕಿ ಕೂತರೆ ನಮ್ಮ ಲ್ಯಾಪ್‌ಟಾಪ್ ಹೆಸರು ನೋಡಿ ನಂಬಿ ಸೇರಿಬಿಡಬಹುದು. ಆಸ್ಪತ್ರೆ, ಲಾಡ್ಜ್, ಹಳೆ ಪಿಜಿ, ಇವನ್ನೂ ಬಿಟ್ಟೆ. ಮಾಟುಂಗಾದ್ದನ್ನು ಹಾಕಿಕೊಂಡೆ. ಅದು ಬೇಡದ್ದೇ, ಆದರೂ ಹಾಕಿಕೊಂಡೆ.

ಇನ್ನು ದೊಡ್ಡ ಕಂಪನಿಗಳ ವೈಫೈ. ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಯೂಸರ್ ನೇಮ್, ಬೇರೆ ಪಾಸ್‌ವರ್ಡ್ ಇರುತ್ತದೆ. ಆ ಯೂಸರ್ ನೇಮ್ ಪಾಸ್‌ವರ್ಡ್ ಹೀಗೆ ತೆಗೆದ ಫೈಲಿನಲ್ಲಿ ಬರುವುದಿಲ್ಲ. ಅಂಥವರು ತಮ್ಮ ಆಫೀಸಿನಲ್ಲೇ ಕೇಳಬೇಕು. ಹಾಗೆಯೇ ಹೋಟೆಲಿನವರು ಆಮೇಲೆ ಪಾಸ್‌ವರ್ಡ್ ಬದಲಾಯಿಸಿದರೆ ನಮ್ಮ ಹತ್ತಿರ ಇರುವ ಫೈಲು ಹಳೆಯದಾಗುತ್ತದೆ. ನಾನು ಈಗ ಮೂರು ತಿಂಗಳಿಗೆ ಒಂದು ಸಲ ಹೊಸದಾಗಿ ತೆಗೆಯಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಆ ಫೈಲುಗಳ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅವು ಬರೀ ಅಕ್ಷರದ ಫೈಲುಗಳು. ಯಾರು ತೆರೆದರೂ ಪಾಸ್‌ವರ್ಡ್ ಕಣ್ಣಿಗೆ ಬೀಳುತ್ತದೆ. ಅದೇ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟರೆ, ಮನೆಯ ಬೀಗದಕೈ ಕೊಟ್ಟ ಹಾಗೆಯೇ. ವಾಟ್ಸಾಪ್‌ನಲ್ಲಿ ಕಳಿಸಬೇಡಿ. ನಾನು ಮಗಳು ಹೇಳಿದ ಹಾಗೆ ಫೈಲುಗಳನ್ನು ಗಂಟು ಕಟ್ಟುವ 7-ಜಿಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಪಾಸ್‌ವರ್ಡ್ ಹಾಕಿ ಕಟ್ಟಿ ಇಟ್ಟಿದ್ದೇನೆ. ಕಂಪ್ಯೂಟರಿನಲ್ಲಿದ್ದ ಬಿಡಿ ಫೈಲುಗಳನ್ನು ಅಳಿಸಿದ್ದೇನೆ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದೇನೆ. ಇದು ಕಷ್ಟ ಅನಿಸುವವರು ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದು, ಎಲ್‌ಐಸಿ ಪಾಲಿಸಿ ಇಡುವ ಕಪಾಟಿನಲ್ಲೇ ಇಡಿ. ನನ್ನ ಮಟ್ಟಿಗೆ ನೋಟ್‌ಬುಕ್ಕೇ ಒಳ್ಳೆಯದು. ಮನೆಯವರಿಗೆ ಸಿಗುತ್ತದೆ. ಧಣಿಗಳು ಹಾಗೆ ಬರೆದಿಟ್ಟಿದ್ದರೆ ಮಗ ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಹೋಟೆಲುಗಳಲ್ಲಿ ಎಷ್ಟೋ ಧಣಿಗಳು ಎಪ್ಪತ್ತು ದಾಟಿದವರು. ಬ್ಯಾಂಕ್ ಲಾಕರಿನ ವಿಷಯ ಮಕ್ಕಳಿಗೆ ಹೇಳಿರುತ್ತಾರೆ. ರೌಟರಿನ ವಿಷಯ ಹೇಳಿರುವುದಿಲ್ಲ.

ಕೊಡುವ ಕಂಪ್ಯೂಟರನ್ನು ಖಾಲಿ ಮಾಡುವುದು ಇನ್ನೂ ಮುಖ್ಯ. ಅವತ್ತು ಫೈಲುಗಳನ್ನು ತೆಗೆದ ಮೇಲೆ ಮಗಳು ಇನ್ನೊಂದು ಸಾಲು ಹೇಳಿದಳು. ಎನ್ ಇ ಟಿ ಎಸ್ ಎಚ್, ಡಬ್ಲ್ಯೂ ಎಲ್ ಎ ಎನ್, ಡಿಲೀಟ್, ಪ್ರೊಫೈಲ್, ನೇಮ್, ಸಮ ಚಿಹ್ನೆ, ನಕ್ಷತ್ರ ಚಿಹ್ನೆ. ಎಂಟರ್ ಒತ್ತಿದೆ. 31 ಹೆಸರುಗಳೂ ಒಂದೇ ಕ್ಷಣದಲ್ಲಿ ಹೋದವು. ಆದರೆ ಅಷ್ಟಕ್ಕೇ ನಿಲ್ಲಬಾರದು ಎಂದಳು, ಬ್ಯಾಂಕಿನ ಪಾಸ್‌ವರ್ಡ್, ಇಮೇಲ್ ಎಲ್ಲ ಬ್ರೌಸರಿನಲ್ಲಿ ಉಳಿದಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್ ದಿಸ್ ಪಿಸಿ' ಒತ್ತಿ, ಎಲ್ಲವನ್ನೂ ತೆಗೆಯುವ ಆಯ್ಕೆ, ಡ್ರೈವ್ ಶುಚಿ ಮಾಡುವ ಆಯ್ಕೆ, ಎರಡನ್ನೂ ಹಾಕಿದೆವು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ನಾನು ಅಂಗಡಿ ಮುಚ್ಚುವ ತನಕ ಕೂತೆ. ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹೋಗಿ, ಹೊಸ ವಿಂಡೋಸ್‌ನ ಮೊದಲ ಪರದೆ ಬಂದದ್ದನ್ನು ಕಣ್ಣಾರೆ ನೋಡಿಯೇ ಮುಲುಂಡ್‌ಗೆ ಹೊರಟೆ.

ಆಮೇಲೆ ಒಂದು ವಾರ 9 ಹೋಟೆಲುಗಳಿಗೂ ಹೋಗಿ ನಡೆದದ್ದನ್ನು ಹೇಳಿದೆ. ಐದು ದಿನ ನಿಮ್ಮ ಪಾಸ್‌ವರ್ಡ್ ನನ್ನ ಕೈಯಲ್ಲಿ ಇರಲಿಲ್ಲ, ಬದಲಾಯಿಸುವುದು ಒಳ್ಳೆಯದು ಎಂದೆ. ಹೇಳಲು ನಾಚಿಕೆಯಾಯಿತು. ಆದರೆ ಹೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಾಲ್ವರು ಬದಲಾಯಿಸಿದರು. ಇಬ್ಬರು ಬದಲಾಯಿಸುತ್ತೇವೆ ಎಂದರು. ಉಳಿದವರು "ನಮ್ಮ ವೈಫೈ ಕದ್ದು ಯಾರು ಏನು ಮಾಡುತ್ತಾರೆ" ಎಂದರು. ಅವರ ಮಾತು ನನಗೆ ಒಪ್ಪಿಗೆ ಇಲ್ಲ. ಅದೇ ವೈಫೈ ಮೇಲೆ ಅವರ ಕ್ಯಾಮೆರಾ ಇದೆ, ಬಿಲ್ಲಿನ ಕಂಪ್ಯೂಟರ್ ಇದೆ. ಮತ್ತೆ ಹೇಳಿ ನೋಡುತ್ತೇನೆ.

ಮುಲುಂಡ್‌ನ ಹುಡುಗ ಬದಲಾಯಿಸಿದವರಲ್ಲಿ ಒಬ್ಬ. ಹಳೆಯ ಪಾಸ್‌ವರ್ಡನ್ನು ಧಣಿಗಳ ಫೋಟೋ ಹಿಂದೆ ಒಂದು ಚೀಟಿಯಲ್ಲಿ ಬರೆದು ಇಟ್ಟಿದ್ದಾನೆ.

ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ ನಮ್ಮವರು ಡೊಂಬಿವಲಿಯಿಂದ ಗೋರೆಗಾಂವ್‌ವರೆಗೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗ ಫೋಟೋ ಬೇಕಾ, ಫೈಲ್ ಬೇಕಾ ಎಂದು ಕೇಳುತ್ತೀರಿ. ವೈಫೈ ಬೇಕಾ ಎಂದೂ ಕೇಳಿ. ಎರಡು ನಿಮಿಷದ ಕೆಲಸ. ತೆಗೆದದ್ದನ್ನು ಗಿರಾಕಿಯ ಪೆನ್‌ಡ್ರೈವ್‌ಗೆ ಹಾಕಿ, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರತಿಯೂ ಉಳಿಸಿಕೊಳ್ಳಬೇಡಿ. ಹಳೆಯದನ್ನು ಗಿರಾಕಿಯ ಎದುರೇ ಖಾಲಿ ಮಾಡಲು ಶುರು ಮಾಡಿ. ನಮ್ಮ ಸಂಘಗಳಲ್ಲಿ ಹಿರಿಯರಿಗೆ ಮೊಬೈಲ್, ಕಂಪ್ಯೂಟರ್ ಹೇಳಿಕೊಡುವವರು ಇದ್ದರೆ ಅವರೂ ಒಂದು ಭಾನುವಾರ ಇದಕ್ಕೆ ಕೊಡಬಹುದು. ಮಾಟುಂಗಾ ಆಗಲಿ ಡೊಂಬಿವಲಿ ಆಗಲಿ, ಕರೆದರೆ ನಾನೂ ಬಂದು ಪಕ್ಕದಲ್ಲಿ ಕೂತು ಅಕ್ಷರ ಹೇಳುತ್ತೇನೆ.

ನಾನು ಹೋದ ಅಂಗಡಿಗೆ ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು. 'ವೈಫೈ ಪಾಸ್‌ವರ್ಡ್ ತೆಗೆದುಕೊಂಡಿರಾ?' ಹುಡುಗ ಅದನ್ನು ಕೌಂಟರಿನ ಗಾಜಿಗೆ ಒಳಗಡೆಯಿಂದ ಅಂಟಿಸಿದ್ದಾನೆ. ಮೊನ್ನೆ ಮಂಗಳವಾರ ಆ ದಾರಿಯಲ್ಲಿ ಬರುವಾಗ ನೋಡಿದೆ. ಚೀಟಿ ಅಲ್ಲೇ ಇತ್ತು. ಒಬ್ಬ ಹೆಂಗಸು ಕೈಯಲ್ಲಿ ಹಳೆ ಲ್ಯಾಪ್‌ಟಾಪ್ ಹಿಡಿದುಕೊಂಡು ಅದನ್ನು ಓದುತ್ತಿದ್ದರು.

ಇಂತಿ,
ಹೋಟೆಲುಗಳ ಲೆಕ್ಕ ಬರೆಯುವ ನಿಮ್ಮ ಓದುಗ,
ಡೊಂಬಿವಲಿ ಪೂರ್ವ